ಕೆಲಸ ಬದಲಿಸುವಾಗ ಪಿಂಚಣಿ ಸೇವೆಯನ್ನು ಉಳಿಸಿಕೊಳ್ಳುವ ಬಗೆ

ಪೀಣ್ಯ ಬಿಟ್ಟು ಬೊಮ್ಮಸಂದ್ರದಲ್ಲಿ ಕೆಲಸಕ್ಕೆ ಸೇರುವವರು ಭವಿಷ್ಯ ನಿಧಿಯ ಹಣವನ್ನಷ್ಟೇ ಅಲ್ಲ, ಪಿಂಚಣಿಗೆ ಲೆಕ್ಕವಾಗುವ ಸೇವಾವಧಿಯನ್ನೂ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಬೇಕು. ಯುಎಎನ್ (ಭವಿಷ್ಯ ನಿಧಿ ಸದಸ್ಯರ ಸಾರ್ವತ್ರಿಕ ಖಾತೆ ಸಂಖ್ಯೆ) ಬಳಸಿ ಪಾಸ್‌ಬುಕ್ ತೆರೆದು, ಪಿಂಚಣಿ ಕಾಲಂನಲ್ಲಿ ಪ್ರತಿ ತಿಂಗಳ ವಂತಿಗೆ ಜಮೆಯಾಗಿದೆಯೇ ಎಂದೂ, ಹಳೆಯ ಸಂಸ್ಥೆ ನೀವು ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿದೆಯೇ ಎಂದೂ ಮೊದಲು ನೋಡಿ. ಸೇವೆ ಹತ್ತು ವರ್ಷ ತುಂಬದವರು ನಮೂನೆ 10ಸಿ ಸಲ್ಲಿಸುವಾಗ ಹಣ ಹಿಂಪಡೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆಯನ್ನು ದಾಖಲಿಸಿ ಉಳಿಸುವ ಪತ್ರ) ಕೇಳುವುದು ಜಾಣತನ. ಹಿಂಪಡೆದರೆ ಅಷ್ಟು ವರ್ಷಗಳ ಸೇವೆ ಲೆಕ್ಕದಿಂದಲೇ ಹೋಗುತ್ತದೆ. ಸರಾಸರಿ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ತಿಳಿಯುತ್ತದೆ: 2014ರಲ್ಲಿ ನಿಗದಿಯಾದ 15,000 ರೂಪಾಯಿ ವೇತನ ಮಿತಿಯಂತೆ 14 ವರ್ಷಕ್ಕೆ 3,000 ರೂಪಾಯಿ. ಈ ಮಿತಿಯನ್ನೂ, ಅದೇ ವರ್ಷದ 1,000 ರೂಪಾಯಿ ಕನಿಷ್ಠ ಪಿಂಚಣಿಯನ್ನೂ (ಬೆಂಗಳೂರಿನಲ್ಲಿ ಅದರ ಬಹುಪಾಲು ಒಂದು ಗ್ಯಾಸ್ ಸಿಲಿಂಡರ್‌ಗೇ ಸರಿ) ಏರಿಸಬೇಕೆಂಬ ಬೇಡಿಕೆ ನ್ಯಾಯವಾದುದೇ. ಆದರೆ ಆದೇಶ ಹೊರಡುವವರೆಗೆ ನಿಮ್ಮ ಲೆಕ್ಕ ಈ ಅಂಕಿಗಳ ಮೇಲೆಯೇ ಇರಲಿ.