ಬೊಕ್ಕಸ ಬರಿದಾದ ದೇಶ ಮತ್ತೆ ಎದ್ದು ನಿಲ್ಲುವುದು ಹೇಗೆ?

2022ರ ಏಪ್ರಿಲ್ 12ರಂದು ಶ್ರೀಲಂಕಾ ಸರ್ಕಾರ ಹೊರಗಿನ ಸಾಲದ ಕಂತು ಕಟ್ಟಲು ಆಗುವುದಿಲ್ಲ ಎಂದು ಕೈಚೆಲ್ಲಿತು. ಮೇ ತಿಂಗಳಲ್ಲಿ ಬಳಸಲು ಉಳಿದಿದ್ದ ವಿದೇಶಿ ವಿನಿಮಯ 5 ಕೋಟಿ ಡಾಲರ್‌ಗೂ ಕಡಿಮೆ. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು. ಸೆಪ್ಟೆಂಬರ್‌ ಹೊತ್ತಿಗೆ ಹಣದುಬ್ಬರ ಶೇ 70ರ ಹತ್ತಿರ. ಸರಿಯಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಅದು ಶೇ 1.3ಕ್ಕೆ ಇಳಿದಿತ್ತು. ಇದು ಯಾವ ಯಾವ ಹೆಜ್ಜೆಗಳಲ್ಲಿ ನಡೆಯಿತು ಎಂಬುದು ತಿಳಿಯಬೇಕಾದ ವಿಷಯ. ಹೆಜ್ಜೆಗಳಷ್ಟೇ ಅಲ್ಲ, ಅವುಗಳ ಹಿಂದುಮುಂದೂ ಮುಖ್ಯ: ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎನ್ನುವುದು ನಿಂತಿದೆ.

ಮೊದಲು ಸೋರಿಕೆ ನಿಲ್ಲಿಸಿ

ಕೇಂದ್ರೀಯ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಬಡ್ಡಿ ದರವನ್ನು ಒಂದೇ ಏಟಿಗೆ 7 ಶೇಕಡಾ ಅಂಶ ಏರಿಸಿತು. ಪೆಟ್ರೋಲ್‌ಗೆ ಕ್ಯೂಆರ್ ಕೋಡ್ ಪಾಸ್ ಬಂತು: ವಾರಕ್ಕೆ ಬೈಕ್‌ಗೆ 4 ಲೀಟರ್, ಆಟೊಗೆ 5, ಕಾರಿಗೆ 20. ಬಂಕ್‌ನಲ್ಲಿ ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಆ ವಾರದ ಪಾಲು ಕಡಿತವಾಗುತ್ತಿದ್ದುದರಿಂದ, ಒಂದು ಬಂಕ್‌ನಲ್ಲಿ ತುಂಬಿಸಿಕೊಂಡು ಇನ್ನೊಂದರ ಸಾಲಿಗೆ ನಿಲ್ಲುವುದು ತಪ್ಪಿತು. ದಿನಗಟ್ಟಲೆ ಇದ್ದ ಸಾಲುಗಳು ಕರಗಿದವು.

ಸಾಲ ಕೊಟ್ಟವರ ಜೊತೆ ಮಾತು

ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜೊತೆ ಅಧಿಕಾರಿಗಳ ಮಟ್ಟದ ಒಪ್ಪಂದ 2022ರ ಸೆಪ್ಟೆಂಬರ್ 1ಕ್ಕೇ ಆಗಿತ್ತು. ಆದರೆ ಆಡಳಿತ ಮಂಡಳಿ ಸುಮಾರು 300 ಕೋಟಿ ಡಾಲರ್‌ಗೆ ಒಪ್ಪಿಗೆ ಕೊಟ್ಟಿದ್ದು 2023ರ ಮಾರ್ಚ್ 20ರಂದು. ಹಳೆಯ ಸಾಲ ಕೊಟ್ಟ ದೇಶಗಳು ‘ನಾವು ಸಾಲದ ಬಿಗಿ ಸಡಿಲಿಸುತ್ತೇವೆ’ ಎಂದು ಬರೆದುಕೊಡದೆ ಐಎಂಎಫ್ ಹಣ ಬಿಡುವುದಿಲ್ಲ. ಹಾಗೆ ಮೊದಲು ಬರೆದುಕೊಟ್ಟ ದೇಶ ಭಾರತ, 2023ರ ಜನವರಿಯಲ್ಲಿ. ದಿವಾಳಿಯಾದ ಮೇಲೆ ಮಾತು ಶುರು ಮಾಡಿದರೆ ಇಷ್ಟು ತಿಂಗಳು ಕಾಯಲೇಬೇಕು. ಆ ಅವಧಿಯಲ್ಲಿ ಔಷಧ, ಇಂಧನಕ್ಕೆ ಕೈಸಾಲವೇ ಗತಿ. 2022ರಲ್ಲಿ ಭಾರತ ಕೊಟ್ಟ ಸುಮಾರು 400 ಕೋಟಿ ಡಾಲರ್ ನೆರವು ಒದಗಿದ್ದು ಇಲ್ಲಿಯೇ.

ತೆರಿಗೆ: ದರಕ್ಕಿಂತ ಮಿತಿ ನೋಡಿ

ಎಲ್ಲರ ಕಣ್ಣು ಬೀಳುವುದು ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ದರದ ಮೇಲೆ. 2019ರ ಡಿಸೆಂಬರ್‌ನಲ್ಲಿ ಅದನ್ನು ಶೇ 15ರಿಂದ 8ಕ್ಕೆ ಇಳಿಸಿದರು. ಅದಕ್ಕಿಂತ ದೊಡ್ಡ ತೂತು ಬೇರೆ ಕಡೆ ಇತ್ತು. ವ್ಯಾಟ್‌ಗೆ ನೋಂದಾಯಿಸಬೇಕಾದ ವಾರ್ಷಿಕ ವಹಿವಾಟಿನ ಮಿತಿಯನ್ನು 1.2 ಕೋಟಿ ಶ್ರೀಲಂಕಾ ರೂಪಾಯಿಯಿಂದ ನೇರ 30 ಕೋಟಿಗೆ ಹಾರಿಸಿದರು. ಅಂದರೆ ತಿಂಗಳಿಗೆ 2.5 ಕೋಟಿಯ ಹತ್ತಿರ ವ್ಯಾಪಾರ ಮಾಡುವ ಅಂಗಡಿಯೂ ತೆರಿಗೆ ಪುಸ್ತಕದಿಂದ ಹೊರಗೆ! ನಮ್ಮ ರೂಪಾಯಿ ಲೆಕ್ಕದಲ್ಲಿ ಆಗಿನ 30 ಕೋಟಿ ಎಂದರೆ ಸುಮಾರು 12 ಕೋಟಿ. ಕರ್ನಾಟಕದಲ್ಲಿ ಸರಕು ಮಾರುವವರ ಜಿಎಸ್‌ಟಿ ಮಿತಿ 40 ಲಕ್ಷ.

ದರವನ್ನು ಒಂದು ಗೆಜೆಟ್ ಪ್ರಕಟಣೆಯಿಂದ ಏರಿಸಬಹುದು. ಪುಸ್ತಕದಿಂದ ಆಚೆ ಹೋದ ವ್ಯಾಪಾರಿಯನ್ನು ಮತ್ತೆ ಒಳಗೆ ತರುವುದು ಹಾಗಲ್ಲ: ಹುಡುಕಬೇಕು, ನೋಂದಾಯಿಸಬೇಕು, ಬಿಲ್ ಬರೆಯುವ ರೂಢಿ ಮಾಡಿಸಬೇಕು. ಮಿತಿ 2022ರ ಅಕ್ಟೋಬರ್‌ನಲ್ಲಿ 8 ಕೋಟಿಗೆ, 2024ರ ಜನವರಿಯಲ್ಲಿ 6 ಕೋಟಿಗೆ ಇಳಿಯಿತು. ಅಷ್ಟರಲ್ಲಿ ದರ ಶೇ 18 ಮುಟ್ಟಿತ್ತು. ಸುಲಭದ ಕೆಲಸ ಬೇಗ ಆಯಿತು, ನ್ಯಾಯದ ಕೆಲಸ ನಿಧಾನವಾಯಿತು. ಆದಾಯವೇನೋ 2022ರಲ್ಲಿ ಜಿಡಿಪಿಯ ಶೇ 8ರ ಆಸುಪಾಸಿದ್ದದ್ದು 2024ಕ್ಕೆ ಶೇ 13 ದಾಟಿತು. ಆದರೆ ಸೋಪಿನ ಬಿಲ್ಲೆ ಕೊಳ್ಳುವವರು ಅದರ ದೊಡ್ಡ ಪಾಲು ಕಟ್ಟಿದರು.

ವಿದ್ಯುತ್ ದರ ಏರಿಸುವ ಮುನ್ನ

ಒಂಬತ್ತು ವರ್ಷ ಮುಟ್ಟದೆ ಬಿಟ್ಟ ದರವನ್ನು ಒಮ್ಮೆಗೇ ಸರಿಪಡಿಸಲು ಹೋದರೆ ಏನಾಗುತ್ತದೆ ನೋಡಿ. ತಿಂಗಳಿಗೆ 30 ಯೂನಿಟ್ ಉರಿಸುವ ಮನೆ. ಎರಡು ಬಲ್ಬು, ಒಂದು ಫ್ಯಾನು. ಮೊದಲು ಯೂನಿಟ್‌ಗೆ 2.50, ನಿಗದಿ ಶುಲ್ಕ 30. ಒಟ್ಟು 105 ಶ್ರೀಲಂಕಾ ರೂಪಾಯಿ. 2022ರ ಆಗಸ್ಟ್‌ನಲ್ಲಿ ಯೂನಿಟ್‌ಗೆ 8, ಶುಲ್ಕ 120, ಒಟ್ಟು 360. 2023ರ ಫೆಬ್ರುವರಿಯಲ್ಲಿ ಯೂನಿಟ್‌ಗೆ 30, ಶುಲ್ಕ 400, ಒಟ್ಟು 1,300. ಆರೇ ತಿಂಗಳಲ್ಲಿ ಬಿಲ್ಲು ಹನ್ನೆರಡು ಪಟ್ಟು.

ದರ ಏರಿಸಲೇಬೇಕಿತ್ತು. ವಿದ್ಯುತ್ ಮಂಡಳಿ, ಪೆಟ್ರೋಲಿಯಂ ನಿಗಮಗಳ ನಷ್ಟವೆಲ್ಲ ಕಡೆಗೆ ಸರ್ಕಾರಿ ಬ್ಯಾಂಕ್‌ಗಳ ಸಾಲದ ಪುಸ್ತಕದಲ್ಲೇ ಬಂದು ಕೂರುತ್ತಿತ್ತು. ತಪ್ಪಾಗಿದ್ದು ಕ್ರಮದಲ್ಲಿ. ಬಡ ಕುಟುಂಬಗಳ ಖಾತೆಗೆ ತಿಂಗಳಿಗೆ 2,500ರಿಂದ 15,000 ರೂಪಾಯಿ ಹಾಕುವ ‘ಅಸ್ವೆಸುಮ’ ಯೋಜನೆ ಜಾರಿಗೆ ಬಂದಿದ್ದು 2023ರ ಜುಲೈಗೆ, ಬಿಲ್ಲು ಬಂದ ಐದು ತಿಂಗಳ ಮೇಲೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಲಕ್ಷಗಟ್ಟಲೆ ಮೇಲ್ಮನವಿಗಳು ಬಂದವು. ಫಲಾನುಭವಿಗಳ ಪಟ್ಟಿ ಮೊದಲು ಸಿದ್ಧವಾಗಬೇಕು, ಮೇಲ್ಮನವಿ ಮುಗಿಯಬೇಕು, ಒಂದು ಕಂತು ಖಾತೆಗೆ ಬೀಳಬೇಕು. ದರ ಪರಿಷ್ಕರಣೆ ಆಮೇಲೆ.

ಸರ್ಕಾರದ ಕೈ ಕಟ್ಟುವ ಕಾನೂನು

2023ರ ಕೇಂದ್ರೀಯ ಬ್ಯಾಂಕ್ ಕಾಯ್ದೆ ಸರ್ಕಾರದ ಖರ್ಚಿಗೆ ನೋಟು ಮುದ್ರಿಸುವ ದಾರಿ ಮುಚ್ಚಿತು. ಹಣಕಾಸು ಕಾರ್ಯದರ್ಶಿಗೆ ಬ್ಯಾಂಕಿನ ಮಂಡಳಿಯಲ್ಲಿದ್ದ ಕುರ್ಚಿಯನ್ನೂ ತೆಗೆಯಿತು. 2024ರ ಹಣಕಾಸು ನಿರ್ವಹಣಾ ಕಾಯ್ದೆ, ಬಡ್ಡಿ ಬಿಟ್ಟು ಉಳಿದ ಖರ್ಚು ಜಿಡಿಪಿಯ ಶೇ 13 ಮೀರಬಾರದು ಎಂದಿತು. ಭ್ರಷ್ಟಾಚಾರ ತಡೆಗೂ 2023ರಲ್ಲಿ ಹೊಸ ಕಾಯ್ದೆ ಬಂತು. ಐಎಂಎಫ್ ಏಷ್ಯಾದಲ್ಲಿ ಮೊದಲ ಬಾರಿಗೆ ಒಂದು ದೇಶದ ಆಡಳಿತವನ್ನೇ ತಪಾಸಣೆ ಮಾಡಿ 16 ಆದ್ಯತೆಯ ಶಿಫಾರಸು ಕೊಟ್ಟಿದ್ದೂ ಆ ವರ್ಷವೇ.

ನೌಕರರು, ಮತದಾರರು

ವೆಚ್ಚ ಇಳಿಸಲು ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 65ರಿಂದ 60ಕ್ಕೆ ತಂದರು. ವಯಸ್ಸು ನೋಡಿ ಕತ್ತರಿಸಿದರೆ ಬೇಡದ ಹುದ್ದೆ ಹೋಗುವುದಿಲ್ಲ, ಅನುಭವಿಗಳು ಹೋಗುತ್ತಾರೆ. ತಜ್ಞ ವೈದ್ಯರು ಕೋರ್ಟ್ ಮೆಟ್ಟಿಲೇರಿದರು. ಮೊದಲು ಹುದ್ದೆಗಳ ಎಣಿಕೆ, ಆಮೇಲೆ ಕಡಿತ.

ಇನ್ನೊಂದು ದೊಡ್ಡ ತಪ್ಪು ರಾಜಕೀಯದ್ದು. 2023ರ ಮಾರ್ಚ್ 9ಕ್ಕೆ ನಿಗದಿಯಾಗಿದ್ದ ಸ್ಥಳೀಯ ಚುನಾವಣೆಯನ್ನು ದುಡ್ಡಿಲ್ಲ ಎಂದು ನಿಲ್ಲಿಸಿದರು. ಇದು ಜನರ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು. ಹನ್ನೆರಡು ಪಟ್ಟು ಬಿಲ್ಲು ಕಟ್ಟಿದವರಿಗೆ ಮತ ಹಾಕಲೂ ಬಿಡದಿದ್ದರೆ ಸುಧಾರಣೆ ಅವರದ್ದಾಗುವುದು ಹೇಗೆ? ಮುಂದಿನ ತಿಂಗಳು ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಅನುರ ಕುಮಾರ ದಿಸ್ಸನಾಯಕೆ ಗೆದ್ದರು. ನವೆಂಬರ್‌ನಲ್ಲಿ ಅವರ ಮೈತ್ರಿಕೂಟಕ್ಕೆ ಸಂಸತ್ತಿನ 225ರಲ್ಲಿ 159 ಸ್ಥಾನ. ಐಎಂಎಫ್ ಕಾರ್ಯಕ್ರಮವನ್ನು ಅವರೂ ಕೈಬಿಡಲಿಲ್ಲ. ಸ್ಥಳೀಯ ಚುನಾವಣೆ ಕೊನೆಗೆ ನಡೆದಿದ್ದು 2025ರ ಮೇ 6ರಂದು. ದೇಶಗಳಿಗೆ ಕೊಡಬೇಕಾದ ಸಾಲದ ಅಸಲಿನ ಕಂತು 2028ರಿಂದ ಮತ್ತೆ ಶುರುವಾಗಬೇಕು.