ಸವಾರಿ ಬೇಡ, ಕುದುರೆ ಬೇಕು ಅನ್ನುವವರಿಗೆ

‘ಹತ್ತೋದೇ ಇಲ್ಲ ಅಂದ್ರೆ ಕುದುರೆ ಯಾಕೆ?’ ಈ ಪ್ರಶ್ನೆ ಕುದುರೆ ಸಾಕುವವರಿಗೆ ಹೊಸದಲ್ಲ. ಬೆನ್ನು ನೋವು, ವಯಸ್ಸು, ಭಯ... ಹತ್ತದೇ ಇರಲು ಕಾರಣ ಏನಾದರೂ ಇರಬಹುದು. ಕುದುರೆಗೂ ಕಾರಣ ಇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ರೇಸ್‌ಗೆ ಇಳಿಯುವ ಥರೋಬ್ರೆಡ್ ತಳಿಯ ಕುದುರೆಗಳು ಎರಡು ವರ್ಷದ ವಯಸ್ಸಿಗೇ ಓಟ ಶುರು ಮಾಡುತ್ತವೆ. ಕಾಲಿಗೆ ಪೆಟ್ಟಾಗಿ ಐದಾರು ವರ್ಷಕ್ಕೇ ಮೂಲೆ ಸೇರುವ ಕುದುರೆಗಳು ಎಷ್ಟೋ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಉಳಿದ ಅಷ್ಟೂ ವರ್ಷ ಅದಕ್ಕೆ ಬೇಕಾಗಿರುವುದು ಸವಾರನಲ್ಲ, ದಿನಾ ಮೈಮೇಲೆ ಕೈಯಾಡಿಸುವ ಒಬ್ಬರು.

ಜನ ಎಡವುವುದೇ ಇಲ್ಲಿ. ಹತ್ತುವುದಿಲ್ಲ ಅಂದಮೇಲೆ ಮೇವು, ನೀರು ಕೊಟ್ಟರೆ ಸಾಕು ಅಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಕುದುರೆ, ಲಾಳ ಕಟ್ಟುವವರು ಬಂದ ದಿನ ಕಾಲು ಕೊಡುವುದಿಲ್ಲ. ಆಮೇಲೆ ‘ಇದು ತುಂಟ ಕುದುರೆ’ ಅನ್ನುವ ಹೆಸರು ಬೇರೆ.

ಮೊದಲು ಹೊಟ್ಟೆ. 450 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕೆ.ಜಿ. ಒಣ ಮೇವು ಬೇಕು. ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಿ. ಕುಡಿಯುವ ನೀರು ಯಾವಾಗಲೂ ಎದುರಿಗಿರಲಿ. ಕೆಲಸವಿಲ್ಲದ ಕುದುರೆಗೆ ಪ್ರೀತಿಯಿಂದ ಹುರುಳಿ ಸುರಿಯಬೇಡಿ. ಕಾಳು ಜಾಸ್ತಿಯಾದರೆ ಗೊರಸಿನ ಒಳಗೆ ಉರಿಯೂತ ಬಂದು ನಿಲ್ಲಲಿಕ್ಕೂ ಆಗದ ಸ್ಥಿತಿ ತಲುಪಬಹುದು. ಇನ್ನೊಂದು ಮಾತು: ಒಂಟಿ ಕುದುರೆ ಸಾಕಬೇಡಿ. ಎರಡನೇ ಕುದುರೆ ಆಗದಿದ್ದರೆ ಜೊತೆಗೆ ಒಂದು ಮೇಕೆಯಾದರೂ ಇರಲಿ.

ಎರಡನೆಯದು ಮೈ ಉಜ್ಜುವುದು. ಕುದುರೆಗೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕಾಣುವುದಿಲ್ಲ. ಹಾಗಾಗಿ ಭುಜದ ಕಡೆಯಿಂದ ಮಾತಾಡುತ್ತಾ ಹೋಗಿ. ರಬ್ಬರ್ ಬ್ರಷ್‌ನಿಂದ ಸುತ್ತು ಸುತ್ತಾಗಿ ಉಜ್ಜಿ, ಆಮೇಲೆ ಗಟ್ಟಿ ಬ್ರಷ್‌ನಿಂದ ಕೂದಲು ಹೋದ ದಿಕ್ಕಿಗೆ ಝಾಡಿಸಿ. ಕುತ್ತಿಗೆ ಬೆನ್ನಿಗೆ ಸೇರುವ ಜಾಗದಲ್ಲಿ ಕೆರೆಯಿರಿ. ಮೇಲ್ದುಟಿ ಮುಂದಕ್ಕೆ ಚಾಚಿ ಅದುರತೊಡಗಿದರೆ ಸರಿಯಾದ ಜಾಗ ಸಿಕ್ಕಿತು ಅಂತಲೇ ಅರ್ಥ. ಶಾಂಪೂವಿಗೆ ದುಡ್ಡು ಹಾಕಬೇಡಿ, ದಿನಾ ಬ್ರಷ್ ಮಾಡಿದರೆ ಮೈ ತಾನಾಗೇ ಹೊಳೆಯುತ್ತದೆ.

ಈಗ ಗೊರಸು. ಹೆಚ್ಚಿನವರು ಕೆಡಿಸುವುದು ಇದನ್ನೇ, ಸ್ವಲ್ಪ ನಿಧಾನಕ್ಕೆ ಓದಿ.

ಕುದುರೆ ನಾಲ್ಕೂ ಕಾಲು ಊರಿ ನೇರ ನಿಂತಿರಬೇಕು. ಒಂದು ಕಾಲು ಸಡಿಲ ಬಿಟ್ಟು ನಿಂತಿದ್ದರೆ ಒಂದು ಹೆಜ್ಜೆ ನಡೆಸಿ ಸರಿಯಾಗಿ ನಿಲ್ಲಿಸಿ. ಎಡ ಮುಂಗಾಲಿನಿಂದ ಶುರು. ನಿಮ್ಮ ಮುಖ ಬಾಲದ ಕಡೆಗಿರಲಿ, ನಿಮ್ಮ ಭುಜ ಅದರ ಭುಜದ ಪಕ್ಕ. ಕೂರಬೇಡಿ, ಮಂಡಿ ಊರಬೇಡಿ, ಸೊಂಟದಿಂದ ಬಗ್ಗಿ. ಅಂಗೈಯನ್ನು ಭುಜದಿಂದ ಕೆಳಕ್ಕೆ, ಕಾಲಿನ ಹಿಂಭಾಗದಲ್ಲಿ ಜಾರಿಸಿ. ಗೊರಸಿನ ಮೇಲಿನ ಗೆಣ್ಣಿನ ಹತ್ತಿರ ಬಂದಾಗ ಮೆಲ್ಲಗೆ ಹಿಸುಕಿ ‘ಎತ್ತು’ ಅನ್ನಿ. ನಿಮ್ಮ ಭುಜದಿಂದ ಅದರ ಭುಜವನ್ನು ಸ್ವಲ್ಪವೇ ತಳ್ಳಿ. ಭಾರ ಆ ಕಡೆ ಕಾಲಿಗೆ ಹೋದಾಗ ಈ ಕಾಲು ಹಗುರವಾಗುತ್ತದೆ. ಎರಡೂ ಕೈಯಿಂದ ಕಿತ್ತು ಎಳೆದರೆ ಮಾತ್ರ ಸೋಲು ನಿಮ್ಮದೇ. ಅಷ್ಟು ದೊಡ್ಡ ಪ್ರಾಣಿಯ ಜೊತೆ ಬಲಪ್ರದರ್ಶನ ನಡೆಯುವುದಿಲ್ಲ.

ಎತ್ತಿದ ಕಾಲನ್ನು ಅದರ ಹೊಟ್ಟೆಯ ಕೆಳಗೇ, ನೇರ ಹಿಡಿಯಿರಿ. ಹೊರಕ್ಕೆ ಎಳೆದರೆ ಭುಜ ನೋಯುತ್ತದೆ. ಕಾಲಿಗೆ ಪೆಟ್ಟಾದ ರೇಸ್ ಕುದುರೆಗಳಿಗೆ ಇದು ಇನ್ನೂ ಕಷ್ಟ. ಕಾಲು ಕೊಸರಿದರೆ ಅದರ ಜೊತೆಗೇ ಕೈ ಹೋಗಲಿ, ಗಟ್ಟಿಯಾಗಿ ತಡೆಯಬೇಡಿ, ಸಾಧ್ಯವಾದಷ್ಟು ಬಿಡಲೂಬೇಡಿ. ಒಂದು ಕ್ಷಣ ಸುಮ್ಮನಾದ ಕೂಡಲೇ ನೀವೇ ಕೆಳಗಿಡಿ. ಕೊಸರಿದಾಗ ಬಿಟ್ಟರೆ ಕೊಸರುವುದನ್ನು ಕಲಿಯುತ್ತದೆ, ಸುಮ್ಮನಿದ್ದಾಗ ಬಿಟ್ಟರೆ ಸುಮ್ಮನಿರುವುದನ್ನು ಕಲಿಯುತ್ತದೆ. ಮೊದಲ ವಾರ ಇಷ್ಟೇ ಸಾಕು. ಗೊರಸಿನ ಕೊಳೆ ಕೆರೆದು ತೆಗೆಯುವ ಕೊಕ್ಕೆ ಮುಟ್ಟಲೇಬೇಡಿ.

ಕೊಕ್ಕೆ ಹಿಡಿದ ಮೇಲೆ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆಯಿರಿ, ಉಲ್ಟಾ ಮಾಡಬೇಡಿ. ನಡುವೆ ವಿ ಆಕಾರದ ಮೆತ್ತನೆಯ ಭಾಗ ಕಾಣುತ್ತದೆ. ಅದನ್ನು ಚುಚ್ಚಬಾರದು. ಅದರ ಎರಡೂ ಪಕ್ಕದ ಸಂದುಗಳಲ್ಲೇ ಲದ್ದಿ, ಕಲ್ಲು ಸಿಕ್ಕಿಕೊಂಡಿರುತ್ತವೆ. ಆಮೇಲೆ ಮೂಗು ಹತ್ತಿರ ತನ್ನಿ. ಕೊಳೆತ ವಾಸನೆ ಬಂದು ಕಪ್ಪಗೆ ಜಿನುಗುತ್ತಿದ್ದರೆ ಗೊರಸು ಕೊಳೆಯುತ್ತಿದೆ ಅಂತ ಲೆಕ್ಕ. ಲಾಯದ ನೆಲ ಒದ್ದೆಯಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಹೊಳಪಿಗಾಗಿ ಮಾರುವ ಕಪ್ಪು ಗೊರಸಿನ ಪಾಲಿಶ್ ಇಂಥದ್ದನ್ನು ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಹಿಂಗಾಲಿಗೆ ಒಂದೇ ವ್ಯತ್ಯಾಸ. ಒಂದು ಕೈ ಪೃಷ್ಠದ ಮೇಲಿಟ್ಟುಕೊಂಡೇ ಇನ್ನೊಂದು ಕೈ ಕೆಳಗೆ ಜಾರಿಸಿ, ಮೈಗೆ ಮೈ ತಾಗಿಸಿಕೊಂಡೇ ನಿಲ್ಲಿ. ಒದೆತ ಜೋರಾಗಿ ಬೀಳುವುದು ಒಂದು ಮಾರು ದೂರ ನಿಂತವರಿಗೆ. ಕೆಳಗಿಡುವಾಗ ಕಾಲನ್ನು ಧೊಪ್ಪೆಂದು ಬೀಳಿಸಬೇಡಿ. ಇನ್ನು, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲು ಲಾಳ ಕಟ್ಟುವವರನ್ನು ಕರೆಸಲೇಬೇಕು. ಲಾಳ ಇಲ್ಲದ ಕುದುರೆಗೂ ಇದು ತಪ್ಪಿದ್ದಲ್ಲ.

ಗೊರಸು ಆಯಿತಾ? ಇನ್ನು ನಡಿಗೆ. ನನ್ನ ಪ್ರಕಾರ ಸವಾರಿಗಿಂತ ಸುಖ ಇದರಲ್ಲೇ ಇದೆ. ಕುದುರೆಯ ಭುಜದ ಪಕ್ಕ ನಡೆಯುತ್ತಾ ಹೋದರೆ ಅದರ ಕಿವಿ ಯಾವ ಕಡೆ ತಿರುಗಿತು, ಎಲ್ಲಿ ಉಸಿರು ಬದಲಾಯಿತು ಎಲ್ಲವೂ ಕಾಣುತ್ತದೆ. ಬೆನ್ನ ಮೇಲೆ ಕೂತವರಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ದಪ್ಪ ಹತ್ತಿಯ ಹಗ್ಗ ಬಳಸಿ. ತೆಳು ನೈಲಾನ್ ಹಗ್ಗ ಅಂಗೈ ಸುಲಿಯುತ್ತದೆ. ಯಾವ ಹಗ್ಗವೇ ಆಗಲಿ ಕೈಗೆ ಸುತ್ತಿಕೊಳ್ಳಬೇಡಿ, ಮಡಚಿ ಹಿಡಿಯಿರಿ. ಕುದುರೆ ಬೆದರಿ ಓಡಿದರೆ ಸುತ್ತಿದ ಹಗ್ಗ ಬೆರಳನ್ನೇ ಕೀಳಬಹುದು.

ಕೊನೆಗೆ, ಅದು ಚೆನ್ನಾಗಿರುವಾಗಲೇ ಲೆಕ್ಕ ಬರೆದಿಟ್ಟುಕೊಳ್ಳಿ. ವಿಶ್ರಾಂತಿಯಲ್ಲಿದ್ದಾಗ ಎದೆಬಡಿತ ನಿಮಿಷಕ್ಕೆ 28ರಿಂದ 44. ಮೈ ಶಾಖ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್. ಧನುರ್ವಾತದ ಲಸಿಕೆ ತಪ್ಪಿಸಬೇಡಿ, ಕುದುರೆಗೆ ಆ ರೋಗ ಬೇಗ ತಗಲುತ್ತದೆ. ಮೇವು ಬಿಟ್ಟು, ನೆಲ ಕೆರೆಯುತ್ತಾ, ತನ್ನ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡುತ್ತಾ, ಮಲಗಿ ಹೊರಳಾಡಿದರೆ ಅದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹಾಗಾಗಿ ಮನೆಮದ್ದು ಅಂತ ಎಣ್ಣೆ, ಕಷಾಯ ಏನನ್ನೂ ಬಾಯಿಗೆ ಸುರಿಯಬೇಡಿ. ಮೇವು ತೆಗೆದಿಟ್ಟು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಕೊನೆಯ ಸಲ ಲದ್ದಿ ಹಾಕಿದ್ದು ಯಾವಾಗ ಅಂತ ಅವರು ಕೇಳೇ ಕೇಳುತ್ತಾರೆ, ನೆನಪಿಟ್ಟುಕೊಂಡಿರಿ.