ಉಬ್ಬಸ ಬಂದಾಗ: ಮೊದಲು ಎಣಿಸಿ, ಆಮೇಲೆ ಊದಿಸಿ

ಏದುಸಿರು ಬಿಡುತ್ತಾ ಬಂದವರನ್ನು ಪರೀಕ್ಷಿಸಲು ನರ್ಸ್‌ಗೆ ಮೊದಲು ಬೇಕಾಗುವುದು ಸೆಕೆಂಡ್ ಮುಳ್ಳಿನ ಗಡಿಯಾರ. ನಾಡಿ ನೋಡುವಂತೆ ಮಣಿಕಟ್ಟು ಹಿಡಿದು, ಎದೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡ್ ಎಣಿಸಿ. ಎಣಿಸುತ್ತಿರುವುದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಬೇಡ. ಒಂದು ಉಸಿರು ತಪ್ಪಿದರೂ ಲೆಕ್ಕ ನಾಲ್ಕು ತಪ್ಪುತ್ತದೆ. ವಯಸ್ಕರಿಗೆ 12ರಿಂದ 20 ಸಹಜ. ಅಸ್ತಮಾ ರೋಗಿಗೆ 25 ಮುಟ್ಟಿದ್ದರೆ, ಇಲ್ಲವೇ ಒಂದು ವಾಕ್ಯವನ್ನು ಒಂದೇ ಉಸಿರಿಗೆ ಹೇಳಲಾಗದಿದ್ದರೆ, ಅದು ತೀವ್ರ ದಾಳಿ. ತಕ್ಷಣ ವೈದ್ಯರನ್ನು ಕರೆಯಿರಿ.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕುವ ಮುನ್ನ ಉಗುರುಬಣ್ಣ ತೆಗೆಯಿರಿ, ತಣ್ಣಗಿರುವ ಬೆರಳನ್ನು ಉಜ್ಜಿ ಬೆಚ್ಚಗಾಗಿಸಿ. ಅಸ್ತಮಾ ದಾಳಿಯಲ್ಲಿ 92 ಶೇಕಡಕ್ಕಿಂತ ಕೆಳಗಿನ ಅಂಕಿ ಜೀವಾಪಾಯದ ಸೂಚನೆ. ಆದರೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವವರಿಗೆ ಆಮ್ಲಜನಕ ಕೊಡುವಾಗ ಗುರಿ 88ರಿಂದ 92 ಮಾತ್ರ. ಸುಂಯ್‌ಗುಡುತ್ತಿದ್ದ ಎದೆ ಸದ್ದಿಲ್ಲದಾಯಿತೆಂದು ನಿರಾಳವಾಗಬೇಡಿ: ರೋಗಿ ಸುಸ್ತಾಗಿದ್ದರೆ, ಸದ್ದು ಬರುವಷ್ಟು ಗಾಳಿಯೂ ಆಡುತ್ತಿಲ್ಲ ಎಂದರ್ಥ.

ಮಾತಾಡುವಷ್ಟು ಚೇತನವಿದ್ದರೆ ಪೀಕ್ ಫ್ಲೋ, ಅಂದರೆ ಎಷ್ಟು ವೇಗವಾಗಿ ಊದಬಲ್ಲರು ಎಂಬುದರ ಅಳತೆ. ಮೀಟರಿನ ಸೂಚಿಯನ್ನು ಸೊನ್ನೆಗೆ ತನ್ನಿ, ನಿಲ್ಲಿಸಿ ಅಥವಾ ನೆಟ್ಟಗೆ ಕೂರಿಸಿ, ಉಸಿರು ತುಂಬಿಕೊಂಡು ತುಟಿ ಬಿಗಿಹಿಡಿದು ಒಮ್ಮೆಲೇ ಜೋರಾಗಿ ಊದಿಸಿ. ಮೂರು ಸಲದಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಿ, ಸರಾಸರಿ ಬೇಡ. ಬೆರಳು ಸೂಚಿಗೆ ಅಡ್ಡ ಬಂದರೆ, ನಾಲಿಗೆ ಬಾಯಿತುದಿಯನ್ನು ಮುಚ್ಚಿದರೆ ಅಂಕಿ ಕುಸಿಯುತ್ತದೆ. ಅವರದೇ ಹಿಂದಿನ ಗರಿಷ್ಠದ ಅರ್ಧಕ್ಕಿಳಿದರೆ ತೀವ್ರ. 33 ಶೇಕಡಕ್ಕಿಂತ ಕಡಿಮೆಯಾದರೆ ಪ್ರಾಣಕ್ಕೇ ಅಪಾಯ.

ದಾಳಿಯಲ್ಲಿ ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯುಟಮಾಲನ್ನು ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಮೂಲಕ 4ರಿಂದ 10 ಪಫ್ ಕೊಡುವುದು ರೂಢಿ. ಮೊದಲ ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬಹುದು. ಪ್ರತಿ ಪಫ್ ಬೇರೆ ಬೇರೆ ಒತ್ತಬೇಕು. ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಸ್ಪೇಸರ್‌ನ ಗೋಡೆಗೇ ಕೂರುತ್ತವೆ.

ದಾಳಿ ಇಳಿದ ಮೇಲೆ, ಔಷಧ ಹೆಚ್ಚಿಸುವ ಮಾತಿಗೆ ಮೊದಲು, ಇನ್ಹೇಲರನ್ನು ಅವರ ಕೈಗೇ ಕೊಟ್ಟು ನೋಡಿ. "ಸರಿಯಾಗಿ ಎಳೆಯುತ್ತೀರಾ?" ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೌದೆನ್ನುತ್ತಾರೆ. ಸ್ಪ್ರೇ ಇನ್ಹೇಲರ್ ಆದರೆ: ಕುಲುಕಿ, ಉಸಿರು ಹೊರಬಿಟ್ಟು, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಿ, ಸಾಧ್ಯವಾದರೆ 10 ಸೆಕೆಂಡ್ ಉಸಿರು ಹಿಡಿಯಬೇಕು. ಪುಡಿಯ ಇನ್ಹೇಲರ್‌ಗೆ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಊದಲೇಬಾರದು. ಎರಡೂ ಬಗೆ ಇರುವವರು ಗೊಂದಲಕ್ಕೆ ಬೀಳುವುದು ಇಲ್ಲೇ. ಸ್ಟಿರಾಯ್ಡ್ ಇನ್ಹೇಲರ್ ಬಳಿಕ ಬಾಯಿ ಮುಕ್ಕಳಿಸಿ ಉಗುಳಲಿ; ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಸ್ಟು ಕಟ್ಟಬಹುದು.

ಪ್ಲಾಸ್ಟಿಕ್ ಸ್ಪೇಸರನ್ನು ತಿಂಗಳಿಗೊಮ್ಮೆ ಸೋಪುನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗಂಟುತ್ತದೆ.